ನಡುವಿನ ಗಿಡ

ನಮ್ಮ ಕಡೆ ನಿಂಬೆಹಣ್ಣನ್ನು ತೂಗುವುದಿಲ್ಲ, ಎಣಿಸುತ್ತಾರೆ. ಬಲಗೈಯಲ್ಲಿ ಮೂರು, ಎಡಗೈಯಲ್ಲಿ ಎರಡು. ಎರಡೂ ಕೈ ಒಮ್ಮೆ ಬುಟ್ಟಿಯಿಂದ ಎದ್ದರೆ ಐದು, ಇಪ್ಪತ್ತು ಸಲ ಎದ್ದರೆ ನೂರು. ನೂರಾದಾಗ ಗುರುತಿಗೆಂದು ಒಂದು ಹಣ್ಣನ್ನು ಬದಿಗಿಡಬೇಕು. ಕೊನೆಗೆ ಬದಿಗಿಟ್ಟವನ್ನು ಎಣಿಸಿದರೆ ಎಷ್ಟು ನೂರು ಎಂಬುದು ತಿಳಿಯುತ್ತದೆ. ಅಕ್ಷರ ಬಾರದವರಿಗೂ ತಪ್ಪದ ಲೆಕ್ಕ ಇದು. ನಾನು ಹನ್ನೆರಡನೆಯ ವಯಸ್ಸಿನಿಂದ ಎಣಿಸುತ್ತಿದ್ದೇನೆ, ಈಗ ಅರವತ್ತೊಂಬತ್ತು. ಎಣಿಸುತ್ತಲೇ ಮಾತಾಡಬಲ್ಲೆ, ಬೈಯಬಲ್ಲೆ, ಸೋಬಾನೆ ಹಾಡಬಲ್ಲೆ, ಲೆಕ್ಕ ತಪ್ಪುವುದಿಲ್ಲ. ಯಾರು ಯಾರಿಗೆ ಏನು ಮಾಡಿದರು ಎಂಬ ಲೆಕ್ಕವೂ ನನಗೆ ತಪ್ಪಿಲ್ಲ.

ರೇವಪ್ಪನ ಲೆಕ್ಕ ಮೂವತ್ತೊಂದು ವರ್ಷದ್ದು.

ಆಗ ಅವನು ಹೊರ್ತಿಯ ಹತ್ತಿರದ ಒಂದು ದೊಡ್ಡ ತೋಟದಲ್ಲಿ ಮುಕಾದಮ. ಹೆಣ್ಣಾಳುಗಳನ್ನು ಕರೆತರುವುದು, ನೆರಳಲ್ಲಿ ನಿಂತು ಕೆಲಸ ಮಾಡಿಸುವುದು, ಬೇಡವೆನಿಸಿದವರನ್ನು ಬಿಡಿಸುವುದು ಅವನ ಕೆಲಸ. ನಾವು ಒಂಬತ್ತು ಜನ ಹೆಂಗಸರು ಅಲ್ಲಿ ನಿಂಬೆ ಕೀಳುತ್ತಿದ್ದೆವು. ನಮ್ಮಲ್ಲಿ ಒಬ್ಬಳು ಅವನ ಹೆಂಡತಿಯ ತಂಗಿ. ಇನ್ನೊಬ್ಬಳು ಸುಲ್ತಾನಬಿ, ನನ್ನ ನೆರೆಯವಳು. ಅವಳ ಮನೆಗೂ ನನ್ನ ಮನೆಗೂ ನಡುವೆ ಒಂದೇ ಗೋಡೆ. ಅವಳ ಮನೆಯಲ್ಲಿ ಒಗ್ಗರಣೆ ಬಿದ್ದರೆ ನನಗೆ ಸೀನು ಬರುತ್ತಿತ್ತು.

ರೇವಪ್ಪನಿಗೆ ನಮ್ಮನ್ನು ಬಿಡಿಸಿ ತನ್ನ ಮಾವನ ಊರಿನವರನ್ನು ತುಂಬಬೇಕಾಗಿತ್ತು. ಸುಮ್ಮನೆ ಬಿಡಿಸಿದರೆ ತೋಟದ ಧಣಿ ಕಾರಣ ಕೇಳುತ್ತಾನೆ. ಅದಕ್ಕೆ ಒಂದು ದಿನ ಕಿವಿಯ ಮೇಲಿದ್ದ ಪೆನ್ನು ಇಳಿಸಿ ಹೇಳಿದ: "ಇವತ್ತಿನಿಂದ ಮಧ್ಯಾಹ್ನದ ತನಕ ಯಾರು ಎಷ್ಟು ಕಿತ್ತೀರಿ ಎಣಿಸಿ ಸರಾಸರಿ ತಗೀತೇನಿ. ಮೂರು ದಿನ ಸರಾಸರಿಗಿಂತ ಕೆಳಗ ಬಿದ್ದಾಕಿ ನಾಕನೇ ದಿನ ಬರಬಾರ್ದು."

ಎಣಿಸುವವಳು ನಾನೇ. ಮಧ್ಯಾಹ್ನ ಗೋಣಿತಟ್ಟು ಹಾಸಿ ಒಬ್ಬೊಬ್ಬರ ನೂರರ ಗುರುತಿನ ಹಣ್ಣುಗಳನ್ನು ಸಾಲಾಗಿ ಇಟ್ಟೆ. ಆ ಚಿತ್ರ ಈಗಲೂ ಕಣ್ಣಲ್ಲಿದೆ. ಒಂದು ಸಾಲಿನಲ್ಲಿ ಆರು. ಎರಡರಲ್ಲಿ ಏಳೇಳು. ಎರಡರಲ್ಲಿ ಎಂಟೆಂಟು, ಅದರಲ್ಲೊಂದು ಸುಲ್ತಾನಬಿಯದು. ಮೂರು ಸಾಲಿನಲ್ಲಿ ಒಂಬತ್ತೊಂಬತ್ತು, ನನ್ನದೂ ಸೇರಿ. ಕೊನೆಯ ಸಾಲು ರೇವಪ್ಪನ ನಾದಿನಿಯದು. ಇಪ್ಪತ್ತೇಳು! ಆ ಸಾಲು ತಟ್ಟಿನ ಅಂಚು ದಾಟಿ ಮಣ್ಣಿನ ಮೇಲೆ ಹೋಗಿತ್ತು. ಅವಳು ಅಷ್ಟು ಕಿತ್ತಿರಲಿಲ್ಲ. ನಸುಕಿನಲ್ಲಿ ಉದುರಿಬಿದ್ದ ಹಣ್ಣನ್ನೆಲ್ಲ ರೇವಪ್ಪನೇ ಬಳಿದು ಅವಳ ಬುಟ್ಟಿಗೆ ಸುರಿದದ್ದನ್ನು ನಾವೆಲ್ಲ ನೋಡಿದ್ದೆವು. ನೋಡಿ ಸುಮ್ಮನಿದ್ದೆವು.

ಅವನು ಕೂಡಿಸಿದ, ಒಂಬತ್ತರಿಂದ ಭಾಗಿಸಿದ. "ಸರಾಸರಿ ಸಾವಿರ. ನಮ್ಮ ಮನ್ಯಾಕಿನ್ನ ಬಿಟ್ಟು ಎಂಟೂ ಮಂದಿ ಸರಾಸರಿಗಿಂತ ಕೆಳಗ ಅದೀರಿ. ನಾಚಿಕಿ ಬರಬೇಕು."

ಸುಲ್ತಾನಬಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. "ಮುಕಾದಮರ, ಒಬ್ಬಾಕಿ ಬುಟ್ಟಿ ನೋಡಿ ಎಲ್ಲಾರ್ನೂ ಅಳೀಬ್ಯಾಡ್ರಿ. ನಡುವಿನಾಕಿನ್ನ ನೋಡ್ರಿ."

"ಏನಂದಿ? ನಡುವಿನಾಕಿ?" ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. "ಸರಾಸರಿ ಅಂದ್ರ ಸರಕಾರದ ಲೆಕ್ಕ. ಹೆಬ್ಬೆಟ್ಟಿನ ಮಂದಿಗೆ ಏನ ತಿಳೀತೈತಿ? ಬಾಯಿ ಬಡಿಯೂದು ಬಿಟ್ಟು ದೋಟಿ ಹಿಡಿ."

ಮೂರನೆಯ ದಿನ ಸುಲ್ತಾನಬಿ ದೋಟಿ ಎಸೆದಳು. ದೋಟಿಗೆ ಸಿಗುವುದು ಹೊರಗಿನ ಹಣ್ಣು. ಗಿಡದ ಒಳಗೆ ನುಗ್ಗಿದರೆ ಗೊಂಚಲು ಗೊಂಚಲೇ ಇರುತ್ತದೆ, ಮುಳ್ಳೂ ಇರುತ್ತದೆ. ನಾವು ಯಾರೂ ತಲೆ ಒಳಗೆ ಹಾಕುತ್ತಿರಲಿಲ್ಲ. ಅವಳು ಹಾಕಿದಳು. ಅವಳ ಮಗಳು ಸಿದ್ದೀಕಾ ಆಗ ಎರಡು ವರ್ಷದ ಕೂಸು, ಬದುವಿನ ಮೇಲೆ ಆಡುತ್ತಿತ್ತು. ಕೂಸು ಅತ್ತಿತೋ ಏನೋ, ಸುಲ್ತಾನಬಿ ಗಕ್ಕನೆ ಹೊರಳಿದಳು. ಮುಳ್ಳು ಬಲಗಣ್ಣಿಗೆ ಹೊಕ್ಕಿತು.

ನಾನು ಅವಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಸೊಲ್ಲಾಪುರಕ್ಕೆ ಒಯ್ಯಲು ಯಾರೋ ಜೀಪು ತರಲು ಓಡಿದ್ದರು. ರೇವಪ್ಪ ಬಂದು ನೋಡಿದ. ಅವಳ ಮುಖವನ್ನಲ್ಲ, ಬುಟ್ಟಿಯನ್ನು.

"ಶೆಟ್ಟೆವ್ವ, ಜೀಪ ಬರೂತನಕ ಅಕಿ ಬುಟ್ಟಿ ಎಣಸು."

ನಾನು ಎಣಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ಅವಳ ರಕ್ತ ಹತ್ತಿದ ಕೈಯಿಂದ ಮೂರು ಮತ್ತು ಎರಡು, ಮೂರು ಮತ್ತು ಎರಡು. ಬಾಯಿ ಇತ್ತು, ಒಲ್ಲೆ ಎನ್ನಲಿಲ್ಲ. ಆರುನೂರ ಐದಾಯಿತು.

"ಇವತ್ತೂ ಕೆಳಗ," ಎಂದು ಅವನು ಪೆನ್ನನ್ನು ಕಿವಿಯ ಮೇಲೆ ಇಟ್ಟುಕೊಂಡ.

ಕಣ್ಣು ಹೋಯಿತು. ಕೆಲಸವೂ ಹೋಯಿತು, ಅವಳದು ಮಾತ್ರವಲ್ಲ, ಎಂಟೂ ಜನರದು.

ಆಮೇಲೆ ನನ್ನ ತಲೆಯಲ್ಲಿ ಒಂದು ಪ್ರಶ್ನೆ ಮುರಿದ ಮುಳ್ಳಿನ ಹಾಗೆ ಉಳಿಯಿತು. ಒಂಬತ್ತು ಜನರಲ್ಲಿ ಎಂಟು ಜನ ಸಾಧಾರಣಕ್ಕಿಂತ ಕೆಳಗೆ ಇರುವುದು ಹೇಗೆ ಸಾಧ್ಯ? ಹಾಗಾದರೆ ಸಾಧಾರಣ ಎಂದರೆ ಯಾರು? ಗಂಡನನ್ನು ಕೇಳಿದೆ, ಅವರು ಬೀಡಿ ಹಚ್ಚಿಕೊಂಡರು. ಊರ ಗೌಡರನ್ನು ಕೇಳಿದೆ, ಲೆಕ್ಕ ಅಂದರೆ ಲೆಕ್ಕ ಎಂದರು. ಅಂತೂ ಇಂಡಿಯಲ್ಲಿ ದೊಡ್ಡವರಿಗೆ ರಾತ್ರಿ ಶಾಲೆ ಸುರುವಾದಾಗ ನಾನು ಹೋಗಿ ಹೆಸರು ಹಚ್ಚಿದೆ. ನನಗಾಗ ನಲವತ್ತಾರು. ಕಲಿಸುವವರು ಜೈನುದ್ದೀನ ಮಾಸ್ತರರು, ನನಗಿಂತ ಆರು ವರ್ಷ ಸಣ್ಣವರು. ಯಾಕೆ ಬಂದಿರಿ ಎಂದು ಎಲ್ಲರನ್ನೂ ಕೇಳಿದರು. ಒಬ್ಬಳು ಬಸ್ಸಿನ ಬೋರ್ಡು ಓದಲಿಕ್ಕೆ ಎಂದಳು, ಒಬ್ಬಳು ಸಹಿ ಮಾಡಲಿಕ್ಕೆ ಎಂದಳು. ನಾನು "ಒಂದು ಲೆಕ್ಕ ಐತ್ರಿ" ಎಂದೆ.

ಆ ಲೆಕ್ಕದ ತನಕ ಬರಲು ಆರು ವರ್ಷ ಹಿಡಿಯಿತು. ಅಕ್ಷರ, ಕಾಗುಣಿತ, ಕೂಡುವುದು, ಭಾಗಿಸುವುದು. ಆಮೇಲೆ ಹತ್ತನೆಯ ಪರೀಕ್ಷೆಗೆ ಹೊರಗಿನಿಂದ ಕಟ್ಟಿದೆ. ಒಂದು ದಿನ ಮಾಸ್ತರರು ಹಲಗೆಯ ಮೇಲೆ ಎರಡು ಮಾತು ಬರೆದರು: ಸರಾಸರಿ, ಮಧ್ಯಾಂಕ. ಎಲ್ಲ ಕೂಡಿಸಿ ಎಷ್ಟು ಮಂದಿಯೋ ಅಷ್ಟರಿಂದ ಭಾಗಿಸಿದರೆ ಸರಾಸರಿ. ಸಣ್ಣದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಿಸಿ ನಟ್ಟನಡುವೆ ಯಾರು ನಿಂತಿದ್ದಾರೆ ಎಂದು ನೋಡಿದರೆ ಮಧ್ಯಾಂಕ.

ನಾನು ಎದ್ದು ನಿಂತು ಸಂಖ್ಯೆ ಹೇಳುತ್ತ ಹೋದೆ. ಆರು, ಏಳು, ಏಳು, ಎಂಟು, ಎಂಟು, ಒಂಬತ್ತು, ಒಂಬತ್ತು, ಒಂಬತ್ತು, ಇಪ್ಪತ್ತೇಳು. ಮಾಸ್ತರರು ಬರೆದರು.

"ಸರಾಸರಿ ಹತ್ತು," ಎಂದರು. "ಒಂಬತ್ತರಾಗ ಐದನೇದ್ದು ನಡುವಿಂದು. ಮಧ್ಯಾಂಕ ಎಂಟು."

"ಕಡೀಗಿನಾಕಿಂದು ಇನ್ನೂ ದೊಡ್ಡದಿದ್ರರಿ?"

"ಇಪ್ಪತ್ತೇಳನ್ನ ಎರಡುನೂರಾ ಎಪ್ಪತ್ತು ಮಾಡ್ರಿ, ನಡುವಿನಾಕಿ ಎಂಟರ ಮ್ಯಾಲ ಹಂಗ ನಿಂತಿರ್ತಾಳ. ಸರಾಸರಿ ಮಾತ್ರ ದೊಡ್ಡವರ ಬೆನ್ನು ಹತ್ತಿ ಓಡ್ತೈತಿ. ಒಬ್ಬ ಭಾಳ ದೊಡ್ಡಾಂವ ಇದ್ದಲ್ಲಿ ಸರಾಸರಿ ನಂಬಬ್ಯಾಡ್ರಿ."

ಎಂಟು. ಸುಲ್ತಾನಬಿಯ ಸಾಲು. ಅವಳು ಕೆಳಗೆ ಇರಲಿಲ್ಲ, ನಟ್ಟನಡುವೆ ಇದ್ದಳು. ಮರುದಿನ ಬೆಳಿಗ್ಗೆ ಹೋಗಿ ಅವಳಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ.

"ಈಗ ಹೇಳಿದ್ರ ಕಣ್ಣ ಬರ್ತೈತೇನು ಶೆಟ್ಟಿ? ನನಗ ಆವತ್ತ ಗೊತ್ತಿತ್ತು. ಅಂವಗ ಹೇಳು ಹೋಗು."

"ಹೇಳ್ತೇನಿ."

"ಯಾವಾಗ?"

"ಹಣ್ಣಾಗ್ಲಿ ತಡಿ."

ಹಣ್ಣಾಗಲು ಮತ್ತೆ ಹದಿನೇಳು ವರ್ಷ ಬೇಕಾಯಿತು. ಅಷ್ಟರಲ್ಲಿ ರೇವಪ್ಪ ಹನ್ನೆರಡು ಎಕರೆ ನಿಂಬೆ ತೋಟದ ಯಜಮಾನನಾದ. ಬಿಳಿ ಅಂಗಿ, ಬಿಳಿ ಮೀಸೆ, ಕಿವಿಯ ಮೇಲೆ ಪೆನ್ನು ಮಾತ್ರ ಹಾಗೇ. ಅವನ ತೋಟದ ಬಾವಿಯ ಪಕ್ಕ ಒಂದು ಗಿಡವಿದೆ. ಬಾವಿಯ ಬಸಿನೀರೂ ಕೊಟ್ಟಿಗೆಯ ಗಂಜಳವೂ ಅದರ ಬುಡಕ್ಕೇ ಹೋಗುತ್ತದೆ. ಒಂದೇ ಗಿಡ ನಾಲ್ಕು ಗಿಡದಷ್ಟು ಹರಡಿದೆ. ಬಂದ ನೆಂಟರನ್ನೆಲ್ಲ ಅದರ ಕೆಳಗೆ ನಿಲ್ಲಿಸಿ ಫೋಟೋ ತೆಗೆಸುವುದು ಅವನ ರೂಢಿ. ಬಾವಿ ಗಿಡ ಎಂದರೆ ಇಡೀ ತಾಲೂಕಿಗೆ ಗೊತ್ತು.

ಈ ವರ್ಷ ಬೇಸಿಗೆಯಲ್ಲಿ ನಮ್ಮ ಭಾಗದ ನಿಂಬೆ ಬೆಳೆಗಾರರ ಸಂಘದವರು ವರ್ಷಕ್ಕೊಂದು ತಾಯಿ ತೋಟ ಆರಿಸಬೇಕೆಂದರು. ಆ ತೋಟದ ಹಣ್ಣಿನ ಬೀಜದಿಂದ ಸಸಿ ಮಾಡಿ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ನಾಲ್ಕೂ ತಾಲೂಕಿಗೆ ಹಂಚುವುದು. ಸಸಿಗೆ ತೋಟದವರ ಹೆಸರೇ ಇಡುವುದು. ತಾಲೂಕಿಗೆ ಒಂದರಂತೆ ನಾಲ್ಕು ತೋಟ ಪಣಕ್ಕೆ ಬಂದವು. ಇಂಡಿಯಿಂದ ರೇವಪ್ಪನದು. ಬಾಗೇವಾಡಿಯಿಂದ ಮಸೂತಿ ಊರಿನ ಅರುಣಕುಮಾರ ಎಂಬವರದು. ಮುದ್ದೇಬಿಹಾಳದ್ದೊಂದು. ಸಿಂದಗಿಯಿಂದ ಸಿದ್ದೀಕಾಳದು. ಹೌದು, ಬದುವಿನ ಮೇಲೆ ಆಡುತ್ತಿದ್ದ ಆ ಕೂಸು. ಸಿಂದಗಿ ಕಡೆ ಮದುವೆಯಾಗಿ ಹೋಗಿ, ಮೂರು ಎಕರೆಯಲ್ಲಿ ಒಂದೊಂದು ಗಿಡಕ್ಕೂ ಒಂದೇ ಅಳತೆಯ ನೀರು, ಒಂದೇ ಅಳತೆಯ ಗೊಬ್ಬರ ಹಾಕಿ ಬೆಳೆಸಿದ್ದಳು.

ಉಸ್ತುವಾರಿಗೆ ಜೈನುದ್ದೀನ ಮಾಸ್ತರರನ್ನು ಕರೆದರು, ಅವರಿಗೆ ತೋಟವಿಲ್ಲ, ಪಕ್ಷವಿಲ್ಲ ಎಂದು. ಎಣಿಸಲು ನನ್ನನ್ನು ಕರೆದರು, ಕೈ ತಪ್ಪುವುದಿಲ್ಲ ಎಂದು. ಕಟ್ಟಳೆ ಇಷ್ಟು: ತೋಟದವರು ತಮಗೆ ಬೇಕಾದ ಒಂದು ಸಾಲಿನಲ್ಲಿ ಒತ್ತಿಗೆ ನಿಂತ ಏಳು ಗಿಡ ತೋರಿಸಬೇಕು. ಅವುಗಳಲ್ಲಿ ಹಣ್ಣಾದದ್ದನ್ನೆಲ್ಲ ಕಿತ್ತು, ಗಿಡ ಗಿಡದ ಲೆಕ್ಕ ಬೇರೆ ಬೇರೆ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಬೇಕು. ನಾಲ್ಕೂ ಲಕೋಟೆ ಸಭೆಯಲ್ಲಿ ಒಡೆಯಬೇಕು.

ಸುಲ್ತಾನಬಿಗೆ ಹೇಳಿದೆ. "ಹಣ್ಣಾತೇನು?" ಎಂದಳು. "ಬಣ್ಣ ತಿರಗೇತಿ," ಎಂದೆ.

ಮೊದಲು ರೇವಪ್ಪನ ತೋಟ. ಬಾವಿ ಗಿಡ ಇದ್ದ ಸಾಲನ್ನೇ ತೋರಿಸಿದ. ನಾನು ಕುಕ್ಕರಗಾಲಲ್ಲಿ ಕುಳಿತು ಎಣಿಸುತ್ತಿದ್ದರೆ ಎದುರಿಗೆ ಕುರ್ಚಿ ಹಾಕಿಸಿಕೊಂಡು ಕುಳಿತ.

"ಈಗೂ ಐದೈದ ಎಣಸ್ತಿಯೇನು ಶೆಟ್ಟೆವ್ವ? ಸಾಲಿ ಕಲ್ತಿ ಅಂದ್ರು."

"ಸಾಲಿಗೆ ತಲಿ ಹೋಗಿತ್ರಿ ಮುಕಾದಮರ. ಕೈ ಮನ್ಯಾಗ ಇತ್ತು."

"ಮುಕಾದಮ ಅನಬ್ಯಾಡ, ಆ ಕಾಲ ಹೋತು." ಆಮೇಲೆ ಮೀಸೆ ತೀಡಿಕೊಂಡು ಕೇಳಿದ: "ಆ ಒಕ್ಕಣ್ಣಿ ಇನ್ನೂ ಅದಾಳೇನು?"

ನಾನು ಬದಿಗೆ ಒಂದು ಹಣ್ಣು ಇಟ್ಟೆ. "ಅದಾಳ್ರಿ."

"ಅಕಿ ಮಗಳೂ ತ್ವಾಟ ಹಚ್ಚ್ಯಾಳಂತ. ಹಹ್ಹ! ಯಾವ ಕಾಲ ಬಂತಪ್ಪ. ನಾ ಬೋರ್ಡ ಬರಸೇನಿ ನೋಡು, ತಾಯಿ ತ್ವಾಟ, ಮಾಲಕರು ರೇವಪ್ಪ. ಬಣ್ಣ ಒಣಗಾಕತ್ತೈತಿ."

ಆರು ಗಿಡದ ಲೆಕ್ಕ ಹೀಗೆ ಬಂತು: ಮುನ್ನೂರ ಹತ್ತು, ಮುನ್ನೂರ ನಲವತ್ತು, ಮುನ್ನೂರ ಅರವತ್ತು, ಮುನ್ನೂರ ಎಂಬತ್ತು, ನಾನೂರ ಇಪ್ಪತ್ತು, ನಾನೂರ ಐವತ್ತು. ಏಳನೆಯದು ಬಾವಿ ಗಿಡ. ಎರಡು ಸಾವಿರದ ಆರುನೂರ ನಲವತ್ತು. ಗುರುತಿನ ಹಣ್ಣುಗಳ ಸಾಲು ತಟ್ಟಿನ ಅಂಚು ದಾಟಿ ಮಣ್ಣಿಗೆ ಹೋಯಿತು.

ಬಸ್ಸಿನಲ್ಲಿ ಬರುತ್ತ ಬಾಯಲ್ಲೇ ಲೆಕ್ಕ ಮಾಡಿದೆ. ಕೂಡಿದರೆ ನಾಲ್ಕು ಸಾವಿರದ ಒಂಬೈನೂರು. ಸರಾಸರಿ ಏಳುನೂರು. ಮಧ್ಯಾಂಕ ಮುನ್ನೂರ ಎಂಬತ್ತು. ಮುಂದಿನ ಎರಡು ದಿನ ಮಸೂತಿಯದೂ ಮುದ್ದೇಬಿಹಾಳದ್ದೂ ಎಣಿಸಿದೆ. ಅವು ಎರಡರಲ್ಲೂ ರಾಕ್ಷಸ ಗಿಡ ಇರಲಿಲ್ಲ; ಹೇಗೆ ಲೆಕ್ಕ ಹಾಕಿದರೂ ನಾನೂರರ ಮೇಲೆ ಹತ್ತಿಪ್ಪತ್ತು ಮೂವತ್ತು. ಈ ಮೂವರಲ್ಲಿ ಸರಾಸರಿ ಹಿಡಿದರೆ ರೇವಪ್ಪ ಎಲ್ಲರಿಗಿಂತ ಮೇಲೆ. ನಡುವಿನ ಗಿಡ ಹಿಡಿದರೆ ಎಲ್ಲರಿಗಿಂತ ಕೆಳಗೆ.

ಯಾವುದನ್ನು ಹಿಡಿಯಬೇಕೆಂಬುದು ಸಭೆಯಲ್ಲಿ ಗಟ್ಟಿಯಾಗಬೇಕಿತ್ತು. ಮಾಸ್ತರರ ಕಾಲಿಗೆ ಬಿದ್ದು ಮಧ್ಯಾಂಕ ಬರೆಸಬಹುದಿತ್ತು. ಆದರೆ ನನಗೆ ಬೇಕಾದದ್ದು ಅದಲ್ಲ. ಅವನು ಸೋತರಷ್ಟೇ ಸಾಲದು. ಸುಲ್ತಾನಬಿ ಅಂದು ಆಡಿದ ಮಾತು ಅವನ ಬಾಯಿಂದ ಬರಬೇಕು, ನಾಲ್ಕು ತಾಲೂಕಿನ ಮಂದಿಯ ಮುಂದೆ ಬರಬೇಕು. ಆ ಮಾತೇ ಅವನನ್ನು ಕೆಡವಬೇಕು.

ಸಿದ್ದೀಕಾಳ ತೋಟಕ್ಕೆ ಹೋದ ದಿನ ಬಿಸಿಲು ಕೆಂಡವಾಗಿತ್ತು. ಗಿಡಗಳೆಲ್ಲ ಅಕ್ಕತಂಗಿಯರ ಹಾಗೆ ಒಂದೇ ಎತ್ತರ. ಮೊದಲ ಗಿಡ ಎಣಿಸಿ ಮುಗಿಸಿದಾಗ ಅವಳು ಬುಟ್ಟಿ ಎತ್ತಿಕೊಂಡು ಬದುವಿನ ಕಡೆ ಹೊರಟಳು. ಎಲ್ಲರೂ ಹಣ್ಣಿನ ರಾಶಿ ಹಾಕುವುದು ಅಲ್ಲೇ, ಗಾಡಿ ನಿಲ್ಲುವಲ್ಲಿ.

"ಅಲ್ಲಿ ಬ್ಯಾಡ, ಆ ಏಳನೇ ಗಿಡದ ಬುಡಕ್ಕ ಸುರುವು," ಎಂದೆ.

"ಯಾಕ ಖಾಲಾ? ಮತ್ತ ಹೊರೂ ಕೆಲಸ." ಚಿಕ್ಕಂದಿನಿಂದ ನಾನು ಅವಳಿಗೆ ಖಾಲಾ, ಚಿಕ್ಕಮ್ಮ.

"ನೆರಳೈತಿ. ಸುರುವಂದ್ರ ಸುರುವು."

ಒಂದೊಂದು ಗಿಡದ್ದನ್ನೂ ಎಣಿಸಿ, ಮಾಸ್ತರರ ಕೈಯಲ್ಲಿ ಬರೆಸಿ, ಆ ಒಂದೇ ಗಿಡದ ಬುಡಕ್ಕೆ ಸುರಿಸಿದೆ. ಸಂಜೆಯ ಹೊತ್ತಿಗೆ ಅಲ್ಲಿ ಮೂರು ಸಾವಿರದ ಏಳುನೂರ ಎಂಬತ್ತು ಹಣ್ಣಿನ ರಾಶಿ. ಉಳಿದ ಆರು ಗಿಡದಲ್ಲಿ ಹಳದಿ ಎಂಬುದು ಕಣ್ಣಿಗೆ ಬೀಳುತ್ತಿರಲಿಲ್ಲ. ರೇವಪ್ಪ ಯಾರನ್ನಾದರೂ ಕಳಿಸಿಯೇ ಕಳಿಸುತ್ತಾನೆ ಎಂದು ನನಗೆ ಗೊತ್ತಿತ್ತು. ಮೋಸ ಮಾಡಿದವನಿಗೆ ಊರೆಲ್ಲ ಮೋಸ ಮಾಡುತ್ತಿರುವಂತೆ ಕಾಣುತ್ತದೆ. ಮಾಸ್ತರರು ಲಕೋಟೆ ಅಂಟಿಸಿಕೊಂಡು ಹೋದ ಸ್ವಲ್ಪ ಹೊತ್ತಿಗೆ ದಾರಿಯಲ್ಲಿ ಮೋಟಾರ್ ಸೈಕಲ್ ನಿಂತಿತು. ರೇವಪ್ಪನ ತೋಟದ ಆಳು ಭೀಮಶ್ಯಾ.

ನಾನು ಅವನನ್ನು ನೋಡಿ ಗಾಬರಿಯಾದವಳ ಹಾಗೆ ಎದ್ದೆ. ಗೋಣಿಚೀಲ ಎಳೆದು ರಾಶಿಯ ಮೇಲೆ ಹೊದಿಸಿದೆ. ಅರ್ಧ ಮುಚ್ಚಿತು, ಅರ್ಧ ಮುಚ್ಚಲಿಲ್ಲ.

"ಏ ಭೀಮಶ್ಯಾ, ಇಲ್ಲೇನ ಕೆಲಸ ನಿಂದು? ನಡಿ, ನಡಿ!"

"ಏನಿಲ್ಲ ಬೇ ಆಯಿ, ನೀರ ಕುಡಿಯಾಕ ನಿಂತೆ." ಅವನ ಕಣ್ಣು ಖಾಲಿ ಗಿಡಗಳ ಮೇಲೆ ಒಂದೊಂದಾಗಿ ಹಾದು ರಾಶಿಗೆ ಬಂದು ನಿಂತಿತು. "ಅಬಾಬಾಬಾ. ಇಷ್ಟೂ ಇದ ಗಿಡದ್ದೇನು?"

"ನಿನಗ್ಯಾಕ ಬೇಕು ಊರ ಉಸಾಬರಿ? ನೀರ ಕುಡದಿಲ್ಲೋ? ಹೋಗು."

ಅವನು ನೀರು ಕುಡಿಯದೇ ಹೋದ. ಸಿದ್ದೀಕಾ ನನ್ನ ಮುಖ ನೋಡಿದಳು. "ಖಾಲಾ, ಅಂವ ತಪ್ಪ ತಿಳಕೊಂಡ ಹೋದ."

"ಬಿಸಲಿಗೆ ಚೀಲ ಮುಚ್ಚಿದೆ. ತಿಳಕೊಳ್ಳೂದು ಅವರವರ ಹಣೇಬಾರ."

ನಾನು ಸುಳ್ಳು ಹೇಳಲಿಲ್ಲ. ಖರೆಯನ್ನೂ ಹೇಳಲಿಲ್ಲ. ರೇವಪ್ಪ ಒಂದು ಬುಟ್ಟಿಗೆ ಸುರಿದು ನಮ್ಮನ್ನು ಕೆಡವಿದ್ದ. ನಾನು ಒಂದು ಗಿಡದ ಬುಡಕ್ಕೆ ಸುರಿದೆ, ಅಷ್ಟೇ.

ಸಭೆ ಇಂಡಿಯ ಒಂದು ಶಾಲೆಯ ಸಭಾಂಗಣದಲ್ಲಿ, ಬೆಳಗಿನ ಹನ್ನೊಂದಕ್ಕೆ. ನೂರೈವತ್ತು ಜನ ಬೆಳೆಗಾರರು ಸೇರಿದ್ದರು. ರೇವಪ್ಪ ಮುಂದಿನ ಸಾಲಿನಲ್ಲಿ ಹಾರ ಹಾಕಿಸಿಕೊಳ್ಳಲು ಬಂದವನ ಹಾಗೆ ಕುಳಿತಿದ್ದ. ಅವನ ಹಿಂದೆ ಭೀಮಶ್ಯಾ. ಸುಲ್ತಾನಬಿಯನ್ನು ನಾನೇ ಬರಬೇಡ ಎಂದಿದ್ದೆ. ಅವಳಿಗೆ ನಗು ತಡೆಯಲು ಬರುವುದಿಲ್ಲ.

ಮಾಸ್ತರರು ನಾಲ್ಕು ಲಕೋಟೆ ಮೇಜಿನ ಮೇಲೆ ಇಟ್ಟರು. "ಒಡಿಯೂ ಮೊದಲ ಒಂದು ಮಾತು ಗಟ್ಟಿ ಆಗ್ಲಿ. ಏಳು ಗಿಡದ ಏಳು ಸಂಖ್ಯೆ ಅದಾವು. ಎಲ್ಲಾ ಕೂಡಿಸಿ ಏಳರಿಂದ ಭಾಗಿಸಿದ್ರ ಸರಾಸರಿ. ಸಣ್ಣದರಿಂದ ದೊಡ್ಡದಕ್ಕ ಸಾಲ ಹಚ್ಚಿ ನಾಕನೇದ್ದು ತಗೊಂಡ್ರ ಮಧ್ಯಾಂಕ, ಅಂದ್ರ ನಡುವಿನ ಗಿಡ. ಯಾವುದಾಗಬೇಕು? ಹೇಳ್ರಿ."

ಯಾರೂ ಬಾಯಿ ತೆಗೆಯುವ ಮೊದಲು ನಾನು ಎದ್ದೆ.

"ಸರಾಸರಿನ ಆಗ್ಲಿ ಮಾಸ್ತರ. ಹಿಂದಿನ ಪದ್ಧತಿ. ನಮಗ ಅದನ್ನ ಕಲಿಸಿದವರು ರೇವಪ್ಪ ಮುಕಾದಮರು. ಸರಾಸರಿ ಬಿಟ್ಟು ಬ್ಯಾರೆ ಬ್ಯಾಡ." ಇಷ್ಟು ಹೇಳಿ ಸಿದ್ದೀಕಾಳ ಪಕ್ಕಕ್ಕೆ ಹೋಗಿ ಕುಳಿತು, ಅವಳ ಕೈ ಹಿಡಿದುಕೊಂಡೆ. ರೇವಪ್ಪನಿಗೆ ಕಾಣುವ ಹಾಗೆ ಹಿಡಿದುಕೊಂಡೆ.

ಅವನು ಸರಾಸರಿ ಎನ್ನಲು ತೆರೆದ ಬಾಯಿ ಹಾಗೇ ನಿಂತಿತು. ಹಿಂತಿರುಗಿ ಭೀಮಶ್ಯಾನನ್ನು ನೋಡಿದ. ಭೀಮಶ್ಯಾ ಬಗ್ಗಿ ಕಿವಿಯಲ್ಲಿ ಏನೋ ಅಂದ. ನನಗೆ ಕೇಳದಿದ್ದರೂ ಏನೆಂದು ಗೊತ್ತಿತ್ತು. ಆರು ಖಾಲಿ ಗಿಡ, ಏಳನೆಯದರ ಬುಡದಲ್ಲಿ ಅರ್ಧ ಮುಚ್ಚಿದ ರಾಶಿ, ಅವನ ಕಣ್ಣಳತೆಗೆ ಐದಾರು ಸಾವಿರ. ಬಾವಿ ಗಿಡಕ್ಕಿಂತ ದೊಡ್ಡ ಗಿಡ. ಸರಾಸರಿ ಹಿಡಿದರೆ ಒಕ್ಕಣ್ಣಿಯ ಮಗಳು ಗೆಲ್ಲುತ್ತಾಳೆ, ಈ ಮುದುಕಿ ಸರಾಸರಿ ಸರಾಸರಿ ಎಂದು ಕುಣಿಯುವುದು ಅದಕ್ಕೇ.

ರೇವಪ್ಪ ಎದ್ದು ನಿಂತ. ಶಲ್ಯ ಸರಿಮಾಡಿಕೊಂಡ.

"ಹಿರ್ಯಾರ, ಸರಾಸರಿ ಅನ್ನೂದು ಕಣ್ಣಿಗೆ ಮಣ್ಣ ಎರಚೂ ಲೆಕ್ಕ. ಯಾರದೋ ಹೊಲದಾಗ ಒಂದ ರಾಕ್ಷಸ ಗಿಡ ಇರ್ತೈತಿ, ಉಳದ ಆರೂ ಒಣ ಕಡ್ಡಿ. ಕೂಡಿಸಿ ಹಂಚಿದ್ರ ಕಡ್ಡಿನೂ ಗಿಡ ಆಗ್ತಾವ! ರೈತರು ಬೀಜ ಒಯ್ಯೂದು ಇಡೀ ತ್ವಾಟ ನಂಬಿ." ಅವನು ನನ್ನ ಕಡೆ ತಿರುಗಿ ಬೆರಳು ಮಾಡಿದ. "ಒಂದ ಗಿಡ ನೋಡಿ ಎಲ್ಲಾ ಅಳೀಬ್ಯಾಡ್ರಿ. ನಡುವಿನ ಗಿಡ ನೋಡ್ರಿ!"

ಮೂವತ್ತೊಂದು ವರ್ಷ. ಆ ಮಾತು ಮತ್ತೆ ಕೇಳಿದೆ, ಬೇರೆ ಗಂಟಲಿನಿಂದ.

ಮಸೂತಿಯ ಅರುಣಕುಮಾರ ನಕ್ಕರು. "ಅಲ್ಲೋ ರೇವಪ್ಪಣ್ಣ, ನಿನ್ನ ಬಾವಿ ಗಿಡದ ಗತಿ ಏನು? ಅದರ ಕೆಳಗ ನಿಂದ್ರಿಸಿ ನನ್ನ ಫೋಟೋ ತಗಸಿದ್ದಿ."

"ನನ್ನ ತ್ವಾಟಕ್ಕ ಬಾವಿ ಗಿಡದ ಹಂಗಿಲ್ಲ. ನನ್ನ ಸಾಲಿನಾಗ ಯಾವ ಗಿಡಾನರ ತಗೋರಿ, ಬಂಗಾರ!"

"ಮಾಸ್ತರ," ಎಂದೆ ನಾನು, "ಬಾಯಿಮಾತು ಬ್ಯಾಡ್ರಿ. ಬರದು ಸಹಿ ಮಾಡ್ಲಿ. ಆಮ್ಯಾಲ ಮುದುಕಿ ತಿರುವಿ ಹಾಕಿದ್ಲು ಅಂದಾರು."

"ತಾ ಇಲ್ಲಿ," ಎಂದು ಅವನೇ ಕಾಗದ ಎಳೆದುಕೊಂಡ. ಕಿವಿಯ ಮೇಲಿನ ಪೆನ್ನು ತೆಗೆದು ಸಹಿ ಮಾಡಿದ, ಕೆಳಗೆ ಎರಡು ಗೆರೆ ಎಳೆದ. ಉಳಿದ ಮೂವರೂ ಮಾಡಿದರು. ಲಕೋಟೆ ಒಡೆದು ಓದಲು ಮಾಸ್ತರರು ನನ್ನನ್ನೇ ಕರೆದರು. ಹೆಬ್ಬೆಟ್ಟಿನ ಮಂದಿಯಲ್ಲಿ ಒಬ್ಬಳಾಗಿದ್ದ ನಾನು ಕನ್ನಡಕ ಹಾಕಿಕೊಂಡೆ.

"ಸಿಂದಗಿ, ಸಿದ್ದೀಕಾ. ನಾನೂರ ಎಂಬತ್ತು, ಐನೂರ ಹತ್ತು, ಐನೂರ ಇಪ್ಪತ್ತು, ಐನೂರ ನಲವತ್ತು, ಐನೂರ ಅರವತ್ತು, ಐನೂರ ಎಪ್ಪತ್ತು, ಆರುನೂರು. ನಡುವಿನ ಗಿಡ ಐನೂರ ನಲವತ್ತು."

ರೇವಪ್ಪನ ಕುತ್ತಿಗೆ ಮೆಲ್ಲಗೆ ಭೀಮಶ್ಯಾನ ಕಡೆ ತಿರುಗಿತು. ಭೀಮಶ್ಯಾ ನೆಲ ನೋಡುತ್ತಿದ್ದ.

"ಮುದ್ದೇಬಿಹಾಳ, ನಡುವಿನ ಗಿಡ ನಾನೂರ ಮೂವತ್ತು. ಮಸೂತಿ, ನಾನೂರ ಹತ್ತು." ನೀರು ಕುಡಿದೆ. ಅವಸರ ಇರಲಿಲ್ಲ. "ಇಂಡಿ, ರೇವಪ್ಪ. ನಡುವಿನ ಗಿಡ ಮುನ್ನೂರ ಎಂಬತ್ತು. ನಾಕರಾಗ ನಾಕನೇದ್ದು. ಎಲ್ಲಾರಕಿಂತ ಕೆಳಗ."

ನಾನು ಕುಳಿತುಕೊಳ್ಳಬಹುದಿತ್ತು. ಕುಳಿತುಕೊಳ್ಳಲಿಲ್ಲ.

"ತಿಳೀಲಿ ಅಂತ ಇನ್ನೊಂದ ಲೆಕ್ಕಾನೂ ಓದ್ತೇನಿ. ನಾ ಹೇಳಿದಂಗ ಸರಾಸರಿ ಹಿಡದಿದ್ರ ಸಿದ್ದೀಕಾಂದು ಐನೂರ ನಲವತ್ತು. ರೇವಪ್ಪ ಮುಕಾದಮರದು ಏಳುನೂರು. ಅವರ ಗೆಲ್ತಿದ್ರು."

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಆಮೇಲೆ ಇಡೀ ಸಭೆ ನಕ್ಕಿತು. ರೇವಪ್ಪ ಎದ್ದ, ಕಾಲು ಕುರ್ಚಿಗೆ ಸಿಕ್ಕಿ ಮತ್ತೆ ಕುಳಿತ, ಮತ್ತೆ ಎದ್ದ.

"ಇದು ಮೋಸ! ಏ ಶೆಟ್ಟಿ, ಚೀಲ ಮುಚ್ಚಿದ್ದಿ ನೀ! ರಾಶಿ ಮ್ಯಾಲ ಚೀಲ ಮುಚ್ಚಿದ್ದಿ!"

"ಯಾರ ರಾಶಿ? ನಿಮಗ್ಯಾರ ಹೇಳಿದ್ರು?" ಎಂದರು ಮಾಸ್ತರರು.

"ಮುಚ್ಚಿದ್ದೆರಿ," ಎಂದೆ ನಾನು. "ಕಿತ್ತ ನಿಂಬಿ ಬಿಸಲಾಗ ಇಡಬಾರ್ದು ಅಂತ ನೀವ ಕಲಿಸಿದ್ರಿ. ಮೂವತ್ತೊಂದು ವರ್ಸದ ಹಿಂದ ಒಬ್ಬಾಕಿ ನಿಮಗೂ ಒಂದು ಮಾತು ಕಲಿಸಿದ್ಲು, ನಡುವಿನಾಕಿನ್ನ ನೋಡ್ರಿ ಅಂತ. ಇವತ್ತ ಪಾಠ ಒಪ್ಪಿಸಿದ್ರಿ. ಅಕಿಗೆ ಹೇಳ್ತೇನಿ."

ಅವನ ಮುಖದಲ್ಲಿ ನೆನಪು ಏರಿ ಬರುವುದನ್ನು ನಾನು ನಿಂತು ನೋಡಿದೆ. ಮೊದಲು ಬುಟ್ಟಿ ನೆನಪಾಗಿರಬೇಕು, ಆಮೇಲೆ ಕಣ್ಣು. ಶಲ್ಯ ಅಲ್ಲೇ ಕುರ್ಚಿಯ ಮೇಲೆ ಬಿಟ್ಟು ಹೋದ. ಪೆನ್ನನ್ನೂ ಮೇಜಿನ ಮೇಲೆ ಮರೆತಿದ್ದ. ನಾನು ಅದನ್ನು ಎತ್ತಿಕೊಂಡೆ.

ಎಲ್ಲರೂ ಹೋದ ಮೇಲೆ ಮಾಸ್ತರರು ತಮ್ಮ ಚೀಲದಿಂದ ಒಂದು ಹಾಳೆ ತೆಗೆದು ತೋರಿಸಿದರು. ಹಿಂದಿನ ವಾರದ ತಾರೀಖು. ಅದರಲ್ಲಿ ಅವರ ದುಂಡು ಅಕ್ಷರ: ಬೀಜಕ್ಕಾಗಿ ತೋಟ ಆರಿಸುವಾಗ ಮಧ್ಯಾಂಕವೇ ತಕ್ಕದ್ದು.

"ಕೇಳಿದ್ದು ಬರೇ ರೀತಿಗಂತ, ಅವ್ವಾರ. ಸಭಾ ಸರಾಸರಿ ಅಂದಿದ್ರ ಇದನ್ನ ಓದಿ ತಿಳಿಸಿ ಹೇಳಾಂವ ಇದ್ದೆ. ನೀವು ಏನೂ ಮಾಡದಿದ್ರೂ ಇದ ಆಗ್ತಿತ್ತು. ಇಷ್ಟು ವರ್ಸ ಲೆಕ್ಕ ಕಲ್ತದ್ದು ಇದಕ್ಕೇನು?"

"ಇದಕ್ಕರಿ," ಎಂದೆ. "ನೀವು ತಿಳಿಸಿ ಹೇಳಿದ್ರ ಅಂವ ಲೆಕ್ಕಕ್ಕ ಸೋಲ್ತಿದ್ದ. ಈಗ ತನ್ನ ಬಾಯಿಗೆ ಸೋತ."

ಅವರು ಹಾಳೆ ಮಡಚುತ್ತ, "ಮನಸ್ಸು ಹಗುರ ಆತೇನು?" ಎಂದು ಕೇಳಿದರು. ಇಲ್ಲ ಎಂದು ಹೇಳಲಿ ಎಂಬ ಆಸೆ ಅವರಿಗೆ ಇತ್ತೆಂದು ಕಾಣುತ್ತದೆ. ಒಳ್ಳೆಯ ಮನುಷ್ಯ.

"ಆಗೇತ್ರಿ ಮಾಸ್ತರ. ಭಾಳ ಹಗುರಾಗೇತಿ," ಎಂದೆ. ಅದು ಖರೆ.

ಮನೆಗೆ ಬಂದಾಗ ಸುಲ್ತಾನಬಿ ಕಟ್ಟೆಯ ಮೇಲೆ ಕುಳಿತು ಮಗಳು ಕಳಿಸಿದ ನಿಂಬೆಹಣ್ಣಿನ ಚೀಲ ಬಿಚ್ಚಿದ್ದಳು, ಉಪ್ಪಿನಕಾಯಿಗೆ. ಎಲ್ಲ ಹೇಳಿದೆ. ಕುರ್ಚಿಗೆ ಕಾಲು ಸಿಕ್ಕಿದ್ದನ್ನು ಎರಡು ಸಲ ಹೇಳಿಸಿಕೊಂಡಳು.

"ಖಾಲಿ ಗಿಡ ನೋಡಿ, ರಾಶಿ ನೋಡಿ, ಎರಡೂ ಕೂಡಿಸಿ ನೋಡ್ಲಿಲ್ಲೇನು ಅಂವನ ಆಳು?"

"ನೋಡ್ಲಿಲ್ಲ."

"ಎರಡ ಕಣ್ಣಿದ್ದು!" ಎಂದು ಅವಳು ನಗಲು ಸುರುಮಾಡಿದಳು. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ನೀರು ಒಂದು ಕಣ್ಣಿನಿಂದಷ್ಟೇ ಬಂತು.

ಪೆನ್ನನ್ನು ಅವಳ ಮುಂದೆ ಇಟ್ಟೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದಳು, ಕಿವಿಯ ಮೇಲೆ ಇಟ್ಟುಕೊಂಡಳು, ಮುಖ ಗಂಟು ಹಾಕಿಕೊಂಡು "ಇವತ್ತೂ ಕೆಳಗ" ಎಂದಳು. ಆಮೇಲೆ ಇಬ್ಬರೂ ಹಣ್ಣು ಎಣಿಸಲು ಕುಳಿತೆವು. ಮೂರು ಮತ್ತು ಎರಡು, ಮೂರು ಮತ್ತು ಎರಡು. ಇಪ್ಪತ್ತು ಸಲ ಎದ್ದ ಮೇಲೆ ನಾನು ಕೈ ನಿಲ್ಲಿಸಿದೆ.

"ನೂರಾತು," ಎಂದೆ.

ಅವಳು ಒಂದು ಹಣ್ಣನ್ನು ಎತ್ತಿ ಬದಿಗಿಟ್ಟಳು. "ಅಂವ ಮುಂದಿನ ವರ್ಸ ಮತ್ತ ಬರ್ತಾನ, ಸರಾಸರಿ ಬೇಕಂತಾನ."

"ಬರ್ಲಿ. ಎಣಸಾಕ ನಾ ಇರ್ತೇನಿ."

"ಹಂಗಾರ ಮುಂದಿನ ನೂರ ಎಣಸು," ಎಂದು ಬುಟ್ಟಿಯನ್ನು ನನ್ನ ಕಡೆ ತಳ್ಳಿದಳು.